ಓಟಿನ ಮರೆ

ನನ್ನ ಅಕ್ಕ ಓಟಿನವರ ಕಣ್ಣು ತಪ್ಪಿಸಿ ಪಕ್ಕದ ಮನೆಯ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು ಎಂದು ಅವಳ ಮಗ ಫೋನಿನಲ್ಲಿ ಹೇಳಿದಾಗ ನಾನು ಮಧುಗಿರಿಯ ಮನೆಯಲ್ಲಿ ತಿಂಡಿ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಮೊದಲಿನಿಂದ ಹೇಳು ಎಂದೆ.

"ಮೊದ್ಲಿಂದ ಏನೇಳಾದು ಚಿಕ್ಕಮ್ಮ, ಮಾನ ಹೋಯ್ತು. ನಿನ್ನೆ ಓಟ್ನೋರು ಜೀಪಲ್ಲಿ ಬಂದ್ರು. ಪೊಲೀಸು, ಕ್ಯಾಮ್ರಾ, ಎಲ್ಲಾ. ಮನೇಲಿ ಅಮ್ಮನೇ ಇಲ್ಲ. ವಾಕರ್ ಇಟ್ಕಂಡು ಅದೆಲ್ಲಿಗೆ ಹೋಯ್ತೋ ಅಂತ ನಾವು ತೊಟ್ಟಿ ಗಿಟ್ಟಿ ಎಲ್ಲಾ ಇಣುಕಿ ನೋಡ್ಬುಟ್ಟೊ. ಅವ್ರು ವಾಪಸ್ ಹೋದ್ಮೇಲೆ ನೋಡುದ್ರೆ ಪಕ್ಕದ್ ಮನೆ ಜಗಲಿ ಮ್ಯಾಲೆ ಸೆರಗು ಹೊದ್ಕಂಡು ಕುಂತೈತೆ. ಬರ್ತಾ ಅವ್ರು ಅಜ್ಜಿ ಮನೆ ಯಾವುದು ಅಂತ ಕೇಳಿದ್ದೇ ಅಮ್ಮನ್ನಂತೆ. ಆ ಕಡೆ ಅಂತ ಕೈ ತೋರ್ಸಿ ಕಳ್ಸೈತೆ."

ನನಗೆ ನಗು ಬಂತು. ಆದರೆ ಅವನು ಅಳುವುದರಲ್ಲಿದ್ದ.

ಎಂಬತ್ತೈದು ದಾಟಿದವರು ಮೊದಲೇ ಅರ್ಜಿ ಕೊಟ್ಟರೆ ಈಗ ಮತಗಟ್ಟೆಗೆ ಹೋಗಬೇಕಾಗಿಲ್ಲ. ಚುನಾವಣೆಯವರೇ ಮನೆಗೆ ಬಂದು ಓಟು ಹಾಕಿಸಿಕೊಂಡು ಹೋಗುತ್ತಾರೆ. ಅಕ್ಕ ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮಗ ಅವಳ ಪರವಾಗಿ ಅರ್ಜಿ ತುಂಬಿಸಿ, ಸಹಿ ಹಾಕಿಸಿಕೊಂಡು ಕಳಿಸಿದ್ದ. ಅದು ಯಾವುದೋ ಪಿಂಚಣಿಯ ಕಾಗದವೆಂದು ಅವಳು ತಿಳಿದಿದ್ದಳು. ವಿಷಯ ಗೊತ್ತಾದ ಮೇಲೆ ಅವಳು ಒಂದು ಉಪಾಯ ಮಾಡಿದಳು. ಹಿಂದೆ ಸೂಜಿ ಚುಚ್ಚುವವರು ಊರಿಗೆ ಬಂದಾಗ ಹೆಂಗಸರು ಹೊಲಕ್ಕೆ ಹೋಗಿ ಕೂರುತ್ತಿದ್ದರು. ಒಂದು ಸಲ ಸಿಕ್ಕದಿದ್ದರೆ ಬಿಟ್ಟುಬಿಡುತ್ತಿದ್ದರು. ಇವರೂ ಹಾಗೇ ಬಿಟ್ಟರೆ ಓಟಿನ ದಿನ ತಾನು ಎಂದಿನಂತೆ ಶಾಲೆಗೇ ಹೋಗಿ ಹಾಕಬಹುದು ಎಂಬುದು ಅವಳ ಲೆಕ್ಕ.

"ನಾಳೆ ಇನ್ನೊಂದ್ಸಲ ಬರ್ತಾರಂತೆ. ನಾಳೀಕೂ ಇಂಗೇ ಮಾಡುದ್ರೆ ಏನಾಯ್ತದೆ ಚಿಕ್ಕಮ್ಮ?"

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಎರಡನೇ ಸಲವೂ ಸಿಕ್ಕದಿದ್ದರೆ ಮತ್ತೆ ಬರುವುದಿಲ್ಲ. ಮನೆಯ ಓಟಿಗೆ ಹೆಸರು ಕೊಟ್ಟವರನ್ನು ಮತಗಟ್ಟೆಯಲ್ಲಿ ಸೇರಿಸುವುದೂ ಇಲ್ಲ. ಅಕ್ಕನ ಈ ಸಲದ ಓಟು ಅಲ್ಲಿಗೆ ಮುಗಿದ ಹಾಗೆ. ಅವಳ ವಯಸ್ಸಿನಲ್ಲಿ ಮುಂದಿನ ಸಲ ಎಂಬ ಮಾತನ್ನು ಆಡುವವರು ಕಡಿಮೆ.

ಬ್ಯಾಗಿಗೆ ಒಂದು ಸೀರೆ, ಮಾತ್ರೆ, ಕನ್ನಡಕ, ಟಾರ್ಚು ಹಾಕಿಕೊಂಡೆ. ಹಾಲಿನವನಿಗೆ ಹೇಳಿದೆ. ಗ್ಯಾಸ್ ನೋಡಿ, ಬೀಗ ಹಾಕಿ, ಬೀಗ ಎಳೆದು ನೋಡಿ, ಪಾವಗಡದ ಬಸ್ಸು ಹತ್ತಿದೆ.

ಆ ರಸ್ತೆಯಲ್ಲಿ ಈಗ ಒಂದು ಕಡೆ ಲೋಕಸಭಾ ಕ್ಷೇತ್ರ ಬದಲಾಗುತ್ತದೆ. ಅಲ್ಲಿ ಬೋರ್ಡಿಲ್ಲ, ಗೇಟಿಲ್ಲ. ಪ್ರಚಾರದ ಆಟೋ ಬೇರೆ ಹೆಸರು ಕೂಗುತ್ತದೆ, ಅಷ್ಟೇ. ಮಧುಗಿರಿ, ಕೊರಟಗೆರೆ ತುಮಕೂರಿಗೆ ಸೇರಿವೆ. ಸಿರಾ, ಪಾವಗಡ ಚಿತ್ರದುರ್ಗಕ್ಕೆ ಸೇರಿವೆ. ನನ್ನ ಓಟು ಒಬ್ಬರಿಗೆ, ಅಕ್ಕನ ಓಟು ಇನ್ನೊಬ್ಬರಿಗೆ. ನನ್ನ ಪಕ್ಕ ಕುಳಿತಿದ್ದ ಹೆಂಗಸು ಮಡಿಲಲ್ಲಿ ಕರಬೂಜದ ಚೀಲ ಇಟ್ಟುಕೊಂಡು, "ನಿಮ್ ಕಡೆ ಯಾರು ಬತ್ತಾರಂತೆ?" ಎಂದಳು. ಎಣಿಸಿದ ಮೇಲೆ ತಿಳಿಯುತ್ತದೆ ಎಂದೆ. ಆಕೆ ಆಮೇಲೆ ನನ್ನನ್ನು ಮಾತಾಡಿಸಲಿಲ್ಲ.

ಒಂದು ಕಾಲದಲ್ಲಿ ಮಧುಗಿರಿ ಎಂಬ ಹೆಸರಿನಲ್ಲೇ ಲೋಕಸಭಾ ಕ್ಷೇತ್ರವಿತ್ತು. ನಾಲ್ಕು ತಾಲ್ಲೂಕೂ ಅದರೊಳಗೆ. ಸಿದ್ದರಬೆಟ್ಟದ ಬುಡದಲ್ಲಿ ನಮ್ಮ ತವರು, ಪಾವಗಡದ ಆಚೆ ಅಕ್ಕನ ಗಂಡನ ಮನೆ, ನಡುವೆ ಮಧುಗಿರಿಯಲ್ಲಿ ನನ್ನ ಹಾಸ್ಟೆಲು. ನಾವೆಲ್ಲ ಡೆಲ್ಲಿಗೆ ಒಬ್ಬನೇ ಮನುಷ್ಯನನ್ನು ಕಳಿಸುತ್ತಿದ್ದೆವು. ಅವನು ತಿರುಗಿ ಈ ಕಡೆ ಬರಲಿಲ್ಲವೆಂದು ನಾಲ್ಕು ತಾಲ್ಲೂಕಿನವರೂ ಒಟ್ಟಿಗೆ ಬೈಯುತ್ತಿದ್ದರು. ಆ ಕ್ಷೇತ್ರ ಹೆಚ್ಚು ಕಾಲ ಬಾಳಲಿಲ್ಲ. ನಾನು ಅದರಲ್ಲಿ ಒಂದೇ ಸಲ ಓಟು ಹಾಕಿದೆ. ಮುಂದಿನ ಚುನಾವಣೆಯ ಹೊತ್ತಿಗೆ ನಕ್ಷೆ ಬದಲಾಗಿ ಆ ಹೆಸರೇ ಇರಲಿಲ್ಲ.

ಆ ಕ್ಷೇತ್ರದ ಮೊದಲ ಚುನಾವಣೆಯಲ್ಲಿ ನನಗೆ ಇನ್ನೂ ಓಟಿನ ವಯಸ್ಸಾಗಿರಲಿಲ್ಲ. ಶಾಲೆಗಳೆಲ್ಲ ಮತಗಟ್ಟೆಯಾದ್ದರಿಂದ ರಜೆ ಕೊಟ್ಟಿದ್ದರು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಿಂದ ತಪ್ಪಿಸಿಕೊಂಡು ಅಕ್ಕನ ಊರಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದರೆ ಅಕ್ಕ ಒಲೆ ಹಚ್ಚಿರಲಿಲ್ಲ. ಆ ಮನೆಯಲ್ಲಿ ಅದೊಂದು ನಡವಳಿಕೆ. ಪೂಜೆ ಮುಗಿಯುವ ತನಕ ಹೇಗೋ ಹಾಗೆ, ಓಟು ಹಾಕಿ ಬರುವ ತನಕ ಒಲೆ ಹಚ್ಚಬಾರದು ಎಂದು ಅವಳ ಅತ್ತೆ ಮಾಡಿದ ಕಟ್ಟಳೆ. ಯಾಕೆ ಎಂದು ಕೇಳಿದೆ. "ಒಲೆ ಹಚ್ಚುದ್ರೆ ಹೆಂಗಸ್ರು ಆಚೆಗೇ ಹೋಗಾಕಿಲ್ಲ ಕಣೇ, ಅದ್ಕೆ," ಎಂದಳು ಅಕ್ಕ. ಅತ್ತೆ ಬುದ್ಧಿವಂತೆ.

ಹೆಂಗಸರನ್ನು ಗಾಡಿಯಲ್ಲಿ ಪಕ್ಕದ ಊರಿನ ಶಾಲೆಗೆ ಕರೆದೊಯ್ದರು. ಗಾಡಿಗೆ ಸೀರೆಯ ಪರದೆ ಕಟ್ಟಿದ್ದರು. ದಾರಿಯುದ್ದಕ್ಕೂ ಒಬ್ಬ ಗಂಡಸು ಗಾಡಿಯ ಹಿಂದೆ ನಡೆಯುತ್ತ ಯಾವ ಗುರುತಿಗೆ ಒತ್ತಬೇಕೆಂದು ಹೇಳುತ್ತಿದ್ದ. ಒಳಗಿನಿಂದ ಒಂದು ಮುದುಕಿ, "ಆಯ್ತು ನಡೀಲಾ, ಎಷ್ಟು ಸತಿ ಹೇಳೀಯೆ, ನಾವೇನು ಎಮ್ಮೆಗಳಾ?" ಎಂದಳು.

ಮತಗಟ್ಟೆಯಲ್ಲಿ ತೊಡಕು ಬಂತು. ಪಟ್ಟಿ ನೋಡುವ ಅಧಿಕಾರಿ ಅಕ್ಕನನ್ನು ಗಂಡನ ಹೆಸರು ಕೇಳಿದ. ಅಕ್ಕ ನೆಲ ನೋಡಿದಳು. ಆಗಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅಧಿಕಾರಿ ಪರಸ್ಥಳದವನು, ಇವಳು ಬೇರೆ ಯಾರದೋ ಓಟು ಹಾಕಲು ಬಂದಿದ್ದಾಳೆ ಎಂದುಕೊಂಡ. ಆಗ ಹಿಂದೆ ನಿಂತಿದ್ದ ಪಕ್ಕದ ಮನೆಯಾಕೆ ಮುಂದೆ ಬಂದು ಭಾವನ ಹೆಸರು ಹೇಳಿದಳು. ಅವಳ ಸರದಿ ಬಂದಾಗ ಅವಳ ಗಂಡನ ಹೆಸರನ್ನು ಅಕ್ಕ ಹೇಳಿದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ಹೀಗೇ ಜೋಡಿ ಜೋಡಿಯಾಗಿ ಬಂದಿದ್ದರು. ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು ಹೇಳುವುದು. ಯಾರೂ ಕಲಿಸಿದ್ದಲ್ಲ.

ಆಮೇಲೆ ನಾನು ಮೇಷ್ಟ್ರ ಕೆಲಸಕ್ಕೆ ಸೇರಿದೆ. ನಿವೃತ್ತಿಯಾಗುವ ತನಕ ಒಂದು ಚುನಾವಣೆಯನ್ನೂ ಬಿಡದೆ ಮತಗಟ್ಟೆಯ ಡ್ಯೂಟಿ ಮಾಡಿದೆ. ಕೆಲವರಿಗೆ ಅದು ತಲೆನೋವು. ನನಗೆ ಇಷ್ಟವಿತ್ತು. ಮೇಜು ಎಲ್ಲಿ, ಶಾಯಿ ಎಲ್ಲಿ, ಯಾರು ಮೊದಲು ಯಾರು ಆಮೇಲೆ, ಎಲ್ಲಕ್ಕೂ ಒಂದು ಕ್ರಮವಿತ್ತು. ಗಂಡನ ಹೆಸರು ಕೇಳುವ ಕೆಲಸ ನನಗೆ ಬಂದಾಗ ಹೆಂಗಸರನ್ನು ಇಬ್ಬಿಬ್ಬರಾಗಿ ಕರೆಯುತ್ತಿದ್ದೆ. ಸಾಲು ಸರಸರ ಸಾಗುತ್ತಿತ್ತು. ನಿಮ್ಮ ಬೂತಿನಲ್ಲಿ ಗಲಾಟೆಯೇ ಇಲ್ಲವಲ್ಲ ಮೇಡಂ ಎಂದು ಮೇಲಿನವರು ಕೇಳುತ್ತಿದ್ದರು.

ಆ ವರ್ಷಗಳಲ್ಲಿ ನಾನು ಗಮನಿಸಿದ ಒಂದು ಸಂಗತಿ ಇದೆ. ಓಟು ಹಾಕಲು ಇಡುವ ಮರೆ. ಮೊದಲು ಗೋಣಿತಾಟಿನದು, ಆಮೇಲೆ ಬಟ್ಟೆಯದು, ಈಗ ರಟ್ಟಿನದು. ಗಂಡಸರು ಅದರ ಹಿಂದೆ ಹೋಗಿ ಕೂಡಲೇ ಬರುತ್ತಿದ್ದರು, ಮೀಸೆ ಸರಿಮಾಡಿಕೊಳ್ಳುವಷ್ಟು ಹೊತ್ತು. ಹೆಂಗಸರು ನಿಲ್ಲುತ್ತಿದ್ದರು. ಹುಲಿಕುಂಟೆ ಕಡೆಯ ಒಂದು ಊರಿನಲ್ಲಿ ಕುರಿ ಮೇಯಿಸುವ ಹೆಂಗಸೊಬ್ಬಳು ಮರೆಯ ಹಿಂದಿನಿಂದ ಬರಲೇ ಇಲ್ಲ. ಬೆಂಚಿನ ಮೇಲಿದ್ದ ಏಜೆಂಟ, "ಏನ್ ಮೇಡಂ, ಒಳಗೆ ಮುದ್ದೆ ತೊಳಸ್ತಾವ್ಳಾ?" ಎಂದ. ಒಳಗಿನಿಂದಲೇ ಉತ್ತರ ಬಂತು: "ಮುದ್ದೆ ಆಗಿದ್ರೆ ಇಷ್ಟೊತ್ಗೆ ನೀನು ಉಂಡೂ ಆಗಿರಾದು, ಸುಮ್ಕೆ ಕುಂತ್ಕಳಪ್ಪ."

ಸಿರಾ ಪಟ್ಟಣದಲ್ಲಿ ಬುರ್ಖಾ ಹಾಕಿದವರ ಮುಖ ನೋಡಲು ಹೆಂಗಸು ಅಧಿಕಾರಿ ಬೇಕು ಎಂದು ನನ್ನನ್ನು ಹಲವು ಸಲ ಹಾಕಿದರು. ಅಲ್ಲಿ ಬಳೆ ಅಂಗಡಿಯವರ ಮನೆಯ ಹಿರಿಯಾಕೆ ಬರುತ್ತಿದ್ದರು. ಅವರೂ ಹಾಗೇ. ಜಲ್ದಿ ಆಗಲಿ ಖಾಲಾ ಎಂದು ಹೊರಗಿನಿಂದ ಅವರ ಮನೆಯ ಹುಡುಗರೇ ಕೂಗುವರು. ಅವರು ಬಂದು ನನ್ನ ಮುಂದೆ ನಿಂತು, "ಮನೇಲೂ ಜಲ್ದಿ, ಅಂಗ್ಡೀಲೂ ಜಲ್ದಿ. ಇಲ್ಲಿ ಮಾತ್ರ ನನ್ನ ಮರ್ಜಿ, ಅಲ್ವಾ ಟೀಚರಮ್ಮ?" ಎನ್ನುತ್ತಿದ್ದರು. ಹೌದು ಎನ್ನುತ್ತಿದ್ದೆ. ಅವರ ಮಾತಿನ ಒಳಗನ್ನು ನಾನು ಪೂರ್ತಿ ತಿಳಿದದ್ದು ಈ ಸಲ ಅಕ್ಕನ ಮನೆಗೆ ಹೋದಾಗ.

ಅಕ್ಕ ನಡುಮನೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಬಂದದ್ದು ತಿಳಿದೂ ತಿರುಗಲಿಲ್ಲ. ಮಗ, ಸೊಸೆ ಇಬ್ಬರೂ ನನ್ನ ಮುಖ ನೋಡಿದರು. ನಾನು ಕುರ್ಚಿ ಎಳೆದುಕೊಂಡು ಕುಳಿತು ನಿಯಮ ಹೇಳಿದೆ. ನಾಳೆ ಬಿಟ್ಟರೆ ಮತ್ತಿಲ್ಲ, ಶಾಲೆಗೂ ಹೋಗುವಂತಿಲ್ಲ.

ಆಗ ತಿರುಗಿದಳು.

"ಅಂಗಂದ್ರೆ? ನಾನು ಸ್ಕೂಲ್ತಾಕೆ ಹೋದ್ರೂ ಕೊಡಾಕಿಲ್ವಾ?"

"ಕೊಡುವುದಿಲ್ಲ ಅಕ್ಕ."

"ನಾನು ಹಾಕೇ ಇಲ್ವಲ್ಲೇ."

"ಮನೆಯಲ್ಲಿ ಹಾಕುತ್ತೇನೆ ಎಂದು ಬರೆದುಕೊಟ್ಟಾಗಿದೆ."

ಅಕ್ಕ ಮಗನ ಕಡೆ ನೋಡಿದಳು. ಬೈಯಲಿಲ್ಲ. ಅವನು ಎದ್ದು ಹೊರಗೆ ಹೋದ. ಒಳ್ಳೆಯ ಹುಡುಗ. ಹುಡುಗ ಎಂದರೆ ಅವನಿಗೂ ಅರವತ್ತಾಗಿದೆ. ಸೊಂಟ ಮುರಿದ ದಿನದಿಂದ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಕೂರಿಸಿ, ಮತ್ತೆ ಎತ್ತಿ ಒಳಗೆ ತಂದವನು ಅವನೇ. ಬಿಸಿಲಲ್ಲಿ ಸಾಲು ನಿಲ್ಲುವುದು ಬೇಡವೆಂದು ಅರ್ಜಿ ಕೊಟ್ಟಿದ್ದ. ಊರಲ್ಲಿ ಒಬ್ಬ ಅಭ್ಯರ್ಥಿಯ ಪರ ಓಡಾಡುತ್ತಿದ್ದ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು.

ಮಧ್ಯಾಹ್ನ ಸೊಸೆ ಊಟಕ್ಕೆ ಇಟ್ಟು ಅಂಗಳಕ್ಕೆ ಹೋದ ಮೇಲೆ ಅಕ್ಕನನ್ನು ಕೇಳಿದೆ. ಮನೆಯಲ್ಲಿ ಹಾಕಲು ಏನು ಕಷ್ಟ? ಕುಳಿತಲ್ಲೇ ಓಟು, ಎಂಥ ಅನುಕೂಲ.

"ಮನೇಲಿ ಮರೆ ಎಲ್ಲೈತೆ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ನೀನು ಹಾಸ್ಟೆಲ್ನಾಗೆ ಇದ್ದೋಳು. ನಿಂಗೊಂದು ಪೆಟ್ಟಿಗೆ, ಅದ್ಕೊಂದು ಬೀಗ. ಆಮೇಲೆ ನಿಂದೇ ಮನೆ. ನಾನು ಈ ಮನೀಗೆ ಬಂದಾಗ ಎಷ್ಟು ಜನ ಗೊತ್ತೈತಾ? ಕೋಣೇಗೆ ಹೋದ್ರೆ ಅತ್ತೆ ಕರೀತಾರೆ. ಹಿತ್ಲಿಗೆ ಹೋದ್ರೆ ಮಕ್ಳು ಕರೀತವೆ. ನೀರು ಹುಯ್ಕಂತಿದ್ರೂ ಬಾಗ್ಲು ಬಡೀತಾರೆ. ಯಾವತ್ತು ನಾನೊಬ್ಳೇ ನಿಂತಿದ್ದೆ ಹೇಳು? ಆ ಓಟಿನ್ ಮರೇಲಿ. ಅಲ್ಲಿ ನಿಂತ್ರೆ ಅತ್ತೆ ಕರ್ಯಂಗಿಲ್ಲ, ನಿಮ್ ಭಾವ ಕರ್ಯಂಗಿಲ್ಲ. ಪೊಲೀಸ್ನೋನು ನಿಂತವ್ನಲ್ಲ, ಬುಡಾಕಿಲ್ಲ. ನಾನು ಓಟು ಒತ್ಬುಟ್ಟು ಒಂದು ಗಳಿಗೆ ಸುಮ್ನೆ ನಿಂತ್ಕಂತಿದ್ದೆ."

"ಸುಮ್ಮನೆ?"

"ಸುಮ್ನೆ. ಅಷ್ಟೇ ಕಣೇ."

ತಟ್ಟೆ ಪಕ್ಕಕ್ಕೆ ಸರಿಸಿ, "ಮೊದ್ಲ ಸಲ ನಿಮ್ ಭಾವ ಹೇಳಿದ್ಕೇ ಒತ್ದೆ. ಆಮೇಲೆ ಏನಾಯ್ತು ಅಂದ್ರೆ..." ಎಂದು ಶುರುಮಾಡಿದಳು. ಹೇಳಬೇಡ ಅಕ್ಕ ಎಂದು ತಡೆದೆ. ಯಾರಿಗೆ ಹಾಕಿದಿರಿ ಎಂದು ನಾನು ಜೀವಮಾನದಲ್ಲಿ ಯಾರನ್ನೂ ಕೇಳಿಲ್ಲ, ಯಾರಿಂದಲೂ ಕೇಳಿಸಿಕೊಂಡಿಲ್ಲ. ಅವಳು ನಕ್ಕು, "ಸತ್ತೋರ ಮುಂದೂ ಹೇಳಿಲ್ಲ, ನಿನ್ ಮುಂದೆ ಹೇಳ್ತೀನಾ," ಎಂದಳು.

ನಾಳೆ ಮನೆಯಲ್ಲೇ ಮರೆ ಮಾಡಿಸುತ್ತೇನೆ, ಯಾರೂ ಕರೆಯದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಇನ್ನೊಂದು ತೊಡಕಿತ್ತು. ಮನೆಯ ಓಟಿಗೆ ಮಿಷನ್ ಇಲ್ಲ. ಹಾಳೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಬೇಕು. ಅಕ್ಕ ಎರಡನೇ ತರಗತಿಯವರೆಗೆ ಓದಿದ್ದಾಳೆ, ಅಚ್ಚಿನ ಅಕ್ಷರ ಕೂಡಿಸಿ ಓದುತ್ತಾಳೆ. ಆದರೆ ಬಿದ್ದ ಮೇಲೆ ಅವಳ ಬಲಗೈ ನಡುಗುತ್ತದೆ. ಗುರುತು ಪಕ್ಕದ ಹೆಸರಿನ ಚೌಕಕ್ಕೆ ದಾಟಿದರೆ ಓಟು ಕೆಟ್ಟಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲಿನಿಂದ ಚೌಕ ಎಳೆದು, ಪೆನ್ನು ಕೊಟ್ಟು, ರೈಟ್ ಮಾರ್ಕು ಹಾಕು ಎಂದೆ. ಮೊದಲನೆಯದು ಮೂರು ಮನೆ ದಾಟಿತು. ಎರಡನೆಯದು ಕ್ಯಾಲೆಂಡರು ಬಿಟ್ಟು ಮಂಚದ ಮೇಲೆ ಹೋಯಿತು.

"ಎಳೆಯಬೇಡ ಅಕ್ಕ. ಚಿಕ್ಕದಾಗಿ ಹಾಕು. ಮೊಣಕೈ ಮೇಜಿನ ಮೇಲೆ ಇರಲಿ."

"ಅಂಗನವಾಡಿ ಮಾಡ್ಬುಟ್ಟಲ್ಲೇ ನನ್ನ."

"ಮಾತು ಸಾಕು. ಇನ್ನೊಂದು."

"ಇವ್ಳ ಕೈಯಾಗೆ ಕಲ್ತ ಮಕ್ಳು ಅದೆಂಗೆ ಬದುಕಿದ್ವೋ," ಎಂದು ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಹೇಳಿದಳು. ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡಳು. ಸಂಜೆಯ ಹೊತ್ತಿಗೆ ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡು ಹಾಕುವುದನ್ನು ಅಕ್ಕ ತಾನೇ ಕಂಡುಕೊಂಡಳು. ಗುರುತು ಚೌಕದೊಳಗೆ ನಿಂತಿತು. ಎಲ್ಲ ಸಲವೂ ಅಲ್ಲ.

ಮಾರನೆಯ ದಿನ ಅಕ್ಕ ಬೇಗ ಎದ್ದು, ತಲೆ ಬಾಚಿಸಿಕೊಂಡು, ಹೊಸ ಸೀರೆ ಉಡಿಸಿಕೊಂಡು ಕುಳಿತಳು. ಸೊಸೆ ಕಾಫಿಗೆ ನೀರಿಡಲು ಹೋದಾಗ, "ಒಲೆ ಹಚ್ಚಬ್ಯಾಡ," ಎಂದಳು. ಈಗ ಗ್ಯಾಸು ಎಂದು ಸೊಸೆ ಹೇಳಿದಳು. ಗ್ಯಾಸೂ ಒಲೆಯೇ ಎಂದಳು ಅಕ್ಕ. ನಾವೆಲ್ಲ ಬಾಳೆಹಣ್ಣು ತಿಂದು ಕಾದೆವು. ಓಟಿನವರು ಹೇಳಿದ ಹೊತ್ತಿಗೆ ಬರಲಿಲ್ಲ. ಬಿಸಿಲೇರಿತು. ದೂರದಲ್ಲಿ ಸೋಲಾರ್ ಫಲಕಗಳ ಸಾಲು ಕೆರೆಯ ನೀರಿನ ಹಾಗೆ ಹೊಳೆಯತೊಡಗಿತು. ಹಸಿವಿನಿಂದ ಮಗ ಅಂಗಳದಲ್ಲಿ ಅಡ್ಡಾಡುತ್ತಿದ್ದ.

ಕೊನೆಗೆ ಪಕ್ಕದ ಮನೆಯಾಕೆ ಜಗಲಿಯಿಂದ, "ಒಚ್ಚಿನಾರಕ್ಕಾ, ಓಟೋಳ್ಳು ಒಚ್ಚಿನಾರು," ಎಂದು ತೆಲುಗಿನಲ್ಲಿ ಕೂಗಿ ಬಂದ ಸುದ್ದಿ ಕೊಟ್ಟಳು. ಆ ಮೊದಲ ಚುನಾವಣೆಯಲ್ಲಿ ಅಕ್ಕನ ಜೋಡಿಯಾಗಿ ಹೋದವಳ ಸೊಸೆ ಇವಳು. ಜೋಡಿ ತೀರಿಹೋಗಿ ಬಹಳ ವರ್ಷವಾಯಿತು.

ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಯಾವುದೋ ಶಾಲೆಯ ಟೀಚರು. ಜೊತೆಗೆ ಇನ್ನೊಬ್ಬ ಅಧಿಕಾರಿ, ಕ್ಯಾಮೆರಾ ಹಿಡಿದವನು, ಪೊಲೀಸಿನವನು. ಹಿಂದೆ ಇಬ್ಬರು ಏಜೆಂಟರು. ಅಕ್ಕನನ್ನು ನೋಡಿ ಅವಳು ನಿಂತಳು.

"ಅಜ್ಜಿ, ಮೊನ್ನೆ ನಂಗೆ ದಾರಿ ತೋರಿಸಿದವರು ನೀವೇ ಅಲ್ವಾ?"

"ಸರ್ಯಾಗೇ ತೋರ್ಸಿದ್ದೆ ತಾನೆ," ಎಂದಳು ಅಕ್ಕ.

ಹುಡುಗಿ ನಕ್ಕಳು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

ಅವರು ರಟ್ಟಿನ ಮರೆಯನ್ನು ಬಿಡಿಸಿ ನಡುಮನೆಯ ಮೇಜಿನ ಮೇಲೆ ಇಟ್ಟರು. ಎದುರಿಗೆ ಕಿಟಕಿ. ಕಿಟಕಿಯ ಆಚೆ ಊರಿನ ಅರ್ಧ ಜನ. ಅಕ್ಕ ಅದನ್ನು ನೋಡಿ, "ಇದೇನು ಕೋಳಿಗೂಡಾ?" ಎಂದಳು. ಆಮೇಲೆ ಕ್ಯಾಮೆರಾದ ಕಡೆ ತಿರುಗಿ, "ಅಪ್ಪಾ, ನಿನ್ ಕಣ್ಣು ಆ ಕಡೆ ತಿರುಗ್ಸು," ಎಂದಳು.

ನಾನು ಮಧ್ಯೆ ಮಾತಾಡಬಾರದು ಎಂದುಕೊಂಡಿದ್ದೆ, ಆದರೂ ಆಡಿದೆ. ಪಕ್ಕದಲ್ಲಿ ರಾಗಿ ಇಡುವ ಕೋಣೆ ಇದೆ, ಒಂದೇ ಬಾಗಿಲು, ಕಿಟಕಿ ಇಲ್ಲ, ಬಲ್ಬು ಇದೆ. ಕ್ಯಾಮೆರಾ ಬಾಗಿಲವರೆಗೆ ಬಂದರೆ ಸಾಕಲ್ಲವೇ? ಹುಡುಗಿ ಕೋಣೆಯೊಳಗೆ ಹೋಗಿ ಗೋಡೆ ನೋಡಿ, ಮೇಲೆ ನೋಡಿ, ಬಂದು ಆಗಬಹುದು ಎಂದಳು. ಮಗ ಮೇಜು ಒಳಗೆ ಹೊತ್ತ. ಹೊತ್ತವನು ಒಳಗೇ ನಿಂತ.

"ಮೇಡಂ, ಅಮ್ಮನ ಕೈ ನಡುಗ್ತೈತೆ. ನಾನು ಜೊತೇಗಿರ್ತೀನಿ. ಅಂಗೆ ಇರಬೌದು ಅಂತ ರೂಲ್ಸ್ ಐತಂತೆ."

ಅವನು ಹೇಳಿದ್ದು ಸುಳ್ಳಲ್ಲ. ಕಣ್ಣು ಕಾಣದವರು, ಕೈಲಾಗದವರು ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದು. ಆ ಒಬ್ಬರು ಗುರುತನ್ನೂ ಹಾಕಬಹುದು. ಬಾಗಿಲಲ್ಲಿದ್ದ ಏಜೆಂಟರಲ್ಲಿ ಒಬ್ಬ ಹೌದು ಹೌದು ಎಂದ, ಇನ್ನೊಬ್ಬ ಅದೆಂಗೆ ಎಂದ. ನಿನ್ನೆಯ ಕ್ಯಾಲೆಂಡರು ನನ್ನ ಕಣ್ಣ ಮುಂದೆ ಬಂತು. ಚೌಕ ದಾಟಿದ ಗುರುತುಗಳೂ ಅದರಲ್ಲಿದ್ದವು. ಅವಳ ಓಟು ಕೆಟ್ಟುಹೋಗುವುದು ಮೇಲೋ, ಮಗನ ಕೈಯಲ್ಲಿ ಬೀಳುವುದು ಮೇಲೋ? ಅದನ್ನು ತೀರ್ಮಾನ ಮಾಡುವವಳು ನಾನಲ್ಲ.

ಹುಡುಗಿ ಅಕ್ಕನ ಮುಂದೆ ಬಗ್ಗಿದಳು. "ಅಜ್ಜಿ, ನೀವು ಹೇಳಿ. ನೀವೇ ಹಾಕ್ತೀರಾ, ಸಹಾಯಕ್ಕೆ ಯಾರಾದ್ರೂ ಬೇಕಾ?"

ಅಕ್ಕ ಮಗನ ಕಡೆ ನೋಡಿದಳು. ದಿನಾ ತನ್ನನ್ನು ಎತ್ತಿ ಬಿಸಿಲಿಗೆ ಕೂರಿಸುವ ಮಗ.

"ಮಗಾ, ನನ್ನ ಒಳೀಕೆ ಎತ್ಕಂಡೋಗಿ ಕುಂಡ್ರುಸು," ಎಂದಳು. "ಕುಂಡ್ರಿಸ್ಬುಟ್ಟು ಆಚೀಕೆ ಹೋಗು."

ಅವನು ಎತ್ತಿದ. ಕೂರಿಸಿದ. ಒಂದು ಕ್ಷಣ ನಿಂತ. ಆಮೇಲೆ ಅವಳ ಕಾಲ ಕೆಳಗೆ ಒಂದು ಮಣೆ ಇಟ್ಟು ಹೊರಗೆ ಬಂದ.

"ನೀನೂ ಹೋಗು," ಎಂದಳು ಅಕ್ಕ ನನಗೆ. "ಎಲ್ಲಾರೂ ಬೀದೀಗೆ ಹೋಗ್ರಿ."

ಎಲ್ಲರೂ ಬೀದಿಗೆ ಹೋದೆವು. ಓಟಿನವರು ಮಾತ್ರ ಒಳಗೆ ಉಳಿದರು. ನಾನು ಬಾಗಿಲ ಪಕ್ಕದ ಜಗಲಿಯಲ್ಲಿ ನಿಂತಿದ್ದರಿಂದ ಮಾತು ಕೇಳಿಸುತ್ತಿತ್ತು. ಹುಡುಗಿ ಕಾಗದ ತುಂಬಿಸುತ್ತ ಹೆಸರು ಕೇಳಿದಳು. ಅಕ್ಕ ಹೇಳಿದಳು.

"ಗಂಡನ ಹೆಸರು ಅಜ್ಜಿ?"

ಸದ್ದಿಲ್ಲ.

ನನಗೆ ಥಟ್ಟನೆ ನೆನಪಾಯಿತು. ಭಾವ ಇದ್ದಾಗಲೂ, ತೀರಿಕೊಂಡ ಮೇಲೂ ಯಾವ ಮತಗಟ್ಟೆಯಲ್ಲೂ ಅಕ್ಕ ಆ ಹೆಸರು ಹೇಳಿದವಳಲ್ಲ. ಮೊದಲು ಜೋಡಿ ಹೇಳುತ್ತಿದ್ದಳು, ಜೋಡಿ ಹೋದ ಮೇಲೆ ಅಕ್ಕನ ಸೊಸೆ ಹೇಳುತ್ತಿದ್ದಳು. ಈಗ ಹೇಳುವವರನ್ನೆಲ್ಲ ಅವಳೇ ಬೀದಿಗೆ ಅಟ್ಟಿದ್ದಳು. ಸೊಸೆ ನನ್ನ ಕೈ ಹಿಡಿದು, "ಹೋಗಿ ಹೇಳ್ಳಾ ಚಿಕ್ಕತ್ತೆ?" ಎಂದಳು. ತಾಳು ಎಂದೆ.

ಆಮೇಲೆ ಅಕ್ಕ ಭಾವನ ಹೆಸರು ಹೇಳಿದಳು. ಮೆಲ್ಲಗಲ್ಲ, ಹೊಲದ ಆಚೆ ಬದುವಿನಲ್ಲಿ ನಿಂತವರನ್ನು ಕೂಗುವಷ್ಟು ಗಟ್ಟಿಯಾಗಿ. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಮಗ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಅವನೂ ಕೇಳಿಸಿಕೊಂಡ. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ.

ಹುಡುಗಿ ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದಳು. ಕ್ಯಾಮೆರಾದವನು ಬಾಗಿಲನ್ನು ಚಿತ್ರೀಕರಿಸುತ್ತ ನಿಂತ. ನಾವು ಕಾದೆವು. ಏಜೆಂಟರು ವಾಚು ನೋಡಿಕೊಂಡರು. ಪೊಲೀಸಿನವನು ನೆರಳಿಗೆ ಸರಿದ. ಕಿಟಕಿಯಿಂದ ಒಳಗೆ ಇಣುಕಿ ಯಾರೋ, "ಏನ್ಲಾ, ಅಜ್ಜಿ ನಿದ್ದೆ ಮಾಡ್ಬುಡ್ತಾ?" ಎಂದರು. ಅಮ್ಮಾ ಎಂದು ಕರೆಯಲು ಮಗ ಬಾಯಿ ತೆರೆದ. ನಾನು ಅವನ ತೋಳು ಮುಟ್ಟಿದೆ. ಬಾಯಿ ಮುಚ್ಚಿದ.

ಯಾರೂ ಕರೆಯಲಿಲ್ಲ.

ಬಾಗಿಲು ತೆರೆದಾಗ ಅಂಟಿಸಿದ ಕವರು ಅಕ್ಕನ ಮಡಿಲಲ್ಲಿತ್ತು. ಪೆಟ್ಟಿಗೆಯನ್ನು ಅವಳ ಮುಂದೆ ಹಿಡಿದರು, ಅವಳೇ ಹಾಕಿದಳು. ಬಿದ್ದ ಸದ್ದಿಗೆ ಕಿವಿಗೊಟ್ಟು, "ಇದ್ನ ಮನೀಗೆ ತಗಂಡೋಗಿ ನೋಡ್ತೀರಾ?" ಎಂದು ಕೇಳಿದಳು.

"ಇಲ್ಲ ಅಜ್ಜಿ. ಎಣಿಸೋ ದಿನ ಎಲ್ಲರದ್ದೂ ಸೇರಿಸಿ ತೆಗೀತಾರೆ. ಯಾವುದು ಯಾರದು ಅಂತ ಗೊತ್ತಾಗಲ್ಲ."

"ಅಂಗಾದ್ರೆ ಸರಿ." ಸೊಸೆಯ ಕಡೆ ತಿರುಗಿದಳು. "ಒಲೆ ಹಚ್ಚವ್ವ."

ಸೊಸೆ ಅಧಿಕಾರಿಗಳಿಗೂ ಕಾಫಿ ಮಾಡಲು ಹೋದಳು. ಮತದಾರರ ಮನೆಯಲ್ಲಿ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಆ ಹುಡುಗಿ ಒಂದು ಲೋಟ ನೀರನ್ನೂ ಕುಡಿಯದೆ ಹೊರಟಳು. ಅವಳು ನನಗೆ ಬಹಳ ಇಷ್ಟವಾದಳು.

ಊಟ ಮಾಡುವಾಗ ಮಗ ಎರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ ಕೇಳಿಯೇಬಿಟ್ಟ. "ಅಮ್ಮ, ನಾನು ಹೇಳಿದ್ಕೇ ತಾನೆ ಹಾಕಿದ್ದು?"

"ಊ ಕಣಪ್ಪ, ನೀನು ಹೇಳಿದ್ಕೇ," ಎಂದಳು ಅಕ್ಕ. "ನಿಮ್ಮಪ್ಪನೂ ಹಿಂಗೇ ಉಣ್ಣಾಗ ಕೇಳ್ತಿದ್ರು. ಅವ್ರಿಗೂ ಇದ್ನೇ ಹೇಳ್ತಿದ್ದೆ."

ಅವನು ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. ಬಸ್ ಸ್ಟಾಪಿಗೆ ನನ್ನನ್ನು ಬೈಕಿನಲ್ಲಿ ಬಿಡುವಾಗ, "ನಮ್ಮನೆ ಓಟೆಲ್ಲಾ ಒಂದೇ ಕಡೆ ಅಂತ ಊರಾಗೆ ಹೇಳ್ಬುಟ್ಟಿದ್ದೆ ಚಿಕ್ಕಮ್ಮ," ಎಂದ. ಹೇಳಿದ್ದು ನೀನು, ಹಾಕಿದ್ದು ಅವಳು ಎಂದೆ. ಸ್ವಲ್ಪ ದೂರ ಹೋದ ಮೇಲೆ ಬೈಕಿನ ಮುಂದಿನಿಂದ ಅವನ ನಗು ಕೇಳಿಸಿತು.

ಓಟಿನ ದಿನ ಮಧುಗಿರಿಯಲ್ಲಿ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತಿದ್ದೆ. ಅದು ನನ್ನ ಅಭ್ಯಾಸ. ಮನೆಗೆ ಬಂದು, ಗ್ಯಾಸ್ ಹಚ್ಚಿ, ಅಕ್ಕನಿಗೆ ಫೋನ್ ಮಾಡಿದೆ.

"ಹಾಕ್ದಾ?"

"ಹಾಕಿದೆ."

"ಮರೆ ಚೆನ್ನಾಗಿತ್ತಾ?"

"ಚೆನ್ನಾಗಿತ್ತು. ರಟ್ಟಿನದು, ಮೂರು ಕಡೆ."

"ಒತ್ಬುಟ್ಟು ಅಂಗೇ ಓಡ್ಬಂದ್ಯಾ, ನಿಂತಿದ್ದಾ?"

"ಸ್ವಲ್ಪ ಹೊತ್ತು ನಿಂತಿದ್ದೆ," ಎಂದೆ.